ಫ್ರೋಜನ್ ಶೋಲ್ಡರ್‌ಗೆ ಚೀನೀ ಚಿಕಿತ್ಸೆ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಚೀನೀ ವೈದ್ಯಪದ್ಧತಿಯಲ್ಲಿ ಹಿಡಿದುಹೋದ ಭುಜಕ್ಕೆ ಸಾಮಾನ್ಯವಾಗಿ ಸೂಜಿ (ಅಕ್ಯುಪಂಕ್ಚರ್), ಮೋಕ್ಸಾ ಶಾಖ, ತುಯಿನಾ ಎಂಬ ಮರ್ದನ, ವ್ಯಾಯಾಮ ಈ ನಾಲ್ಕನ್ನೂ ಸೇರಿಸಿ ಕೊಡುತ್ತಾರೆ. ನಾಲ್ಕಕ್ಕೂ ಒಂದೇ ತೂಕವಿಲ್ಲ. ನಮ್ಮ ಮೆಚ್ಚುಗೆ ಸೂಜಿ ಮತ್ತು ವ್ಯಾಯಾಮದ ಜೋಡಿಗೆ.

ಮೊದಲು ಕಾಯಿಲೆ ಇದೇ ಹೌದೋ ನೋಡಿಕೊಳ್ಳಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಬೇರೆಯವರು ಹಿಡಿದು ತಿರುಗಿಸಿದರೂ ಅಲ್ಲೇ ಸಿಕ್ಕಿಕೊಂಡರೆ ಕೀಲಿನ ಚೀಲ ದಪ್ಪಗಾಗಿ ಕುಗ್ಗಿರುವ ಸಾಧ್ಯತೆ ಹೆಚ್ಚು. ನಿಮ್ಮಿಂದ ಎತ್ತಲಾಗದ ತೋಳನ್ನು ಬೇರೆಯವರು ಸಲೀಸಾಗಿ ಎತ್ತಬಲ್ಲರಾದರೆ ಸ್ನಾಯುರಜ್ಜು ಹರಿದಿರಬಹುದು. ಅದರ ದಾರಿಯೇ ಬೇರೆ. ಒಂದು ಎಕ್ಸ್‌ರೇ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸದೆ ಚಿಕಿತ್ಸೆ ಶುರುಮಾಡಬೇಡಿ.

ಭುಜದ ಸುತ್ತ ಜಿಯಾನ್ಯು, ಜಿಯಾನ್ಲಿಯಾವೊ, ಜಿಯಾನ್‌ಝೆನ್ ಬಿಂದುಗಳಿಗೆ ಸೂಜಿ ಹಾಕಿ 20–30 ನಿಮಿಷ ಬಿಡುತ್ತಾರೆ. ಚುಚ್ಚಿದಲ್ಲಿ ಮಂದವಾದ ಭಾರ ಅನಿಸುವುದು ಸರಿ. ಕರೆಂಟ್ ಹೊಡೆದಂತಾದರೆ ತಕ್ಷಣ ಹೇಳಿ. ಆದರೆ ಭುಜದಲ್ಲಿ ಸೂಜಿಯಿರುವಾಗ ತೋಳು ಆಡಿಸುವಂತಿಲ್ಲ, ಸೂಜಿ ಬಾಗುತ್ತದೆ. ಕಾಲಿನ ಬಿಂದುಗಳ ಬೆಲೆ ಇರುವುದು ಇಲ್ಲೇ. ಮಂಡಿಗೂ ಹಿಮ್ಮಡಿ ಗಂಟಿಗೂ ನಡುವೆ, ಕಾಲಿನ ಹೊರಬದಿಯ ತಿಯಾವೊಕೌ ಬಿಂದುವಿಗೆ ಸೂಜಿ ಹಾಕಿ, ಅದು ಇರುವಾಗಲೇ ರೋಗಿಯಿಂದ ನಿಧಾನವಾಗಿ ಭುಜ ಆಡಿಸುತ್ತಾರೆ. 2001ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಪ್ರಯೋಗವೊಂದರಲ್ಲಿ ಕಾಲಿನದೇ ಝೋಂಗ್‌ಪಿಂಗ್ ಬಿಂದುವನ್ನು ಬಳಸಿದ್ದರು. ಆರು ವಾರಕ್ಕೆ ಭುಜದ ಸ್ಥಿತಿಯನ್ನು ಅಳೆಯುವ ಅಂಕ ಬರೀ ವ್ಯಾಯಾಮದವರದು 39.8% ಸುಧಾರಿಸಿದರೆ, ಸೂಜಿಯೂ ಸೇರಿದವರದು 76.4%. ಇದ್ದದ್ದು 35 ಜನ ಮಾತ್ರ, ಹಾಗಾಗಿ ಪವಾಡವೆಂದು ಓದಬೇಡಿ. ಎರಡೂ ಗುಂಪಿಗೆ ವ್ಯಾಯಾಮ ಇತ್ತು ಎಂಬುದನ್ನಂತೂ ಮರೆಯಬೇಡಿ. ಸೂಜಿ ನೋವು ತಗ್ಗಿಸುತ್ತದೆ; ಆ ಹೊತ್ತಿನಲ್ಲಿ ಕೀಲನ್ನು ಆಡಿಸಬೇಕಾದವರು ನೀವು. ಸೂಜಿ ತೆಗೆದು ಮನೆಗೆ ಕಳಿಸಿಬಿಡುವ ಕಡೆ ಅರ್ಧ ಚಿಕಿತ್ಸೆಯಷ್ಟೇ ಸಿಗುತ್ತದೆ.

ಮೋಕ್ಸಾ ಎಂದರೆ ನಮ್ಮ ದವನದ ಕುಲದ ಗಿಡದ ಎಲೆಯನ್ನು ಒಣಗಿಸಿ ಸುತ್ತಿದ ಬತ್ತಿ. ಚರ್ಮದಿಂದ ಸುಮಾರು 3 ಸೆಂ.ಮೀ. ದೂರದಲ್ಲಿ ಹಿಡಿದು 10–15 ನಿಮಿಷ ಕಾಯಿಸುತ್ತಾರೆ. ಹಿತವಾಗಿರುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರಿಗೆ ಬೇಡವೇ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ತುಯಿನಾದಲ್ಲಿ ಉರುಳಿಸುವ, ಹಿಂಡುವ ಹಂತ ಒಳ್ಳೆಯದು. ತೋಳನ್ನು ಜಗ್ಗಿ "ಬಿಡಿಸುತ್ತೇವೆ" ಎಂದರೆ ಎದ್ದುಬನ್ನಿ. ನೋವು ಏರುತ್ತಿರುವ ಮೊದಲ ತಿಂಗಳುಗಳಲ್ಲಿ ಒತ್ತಾಯ ಮಾಡಿದರೆ ಉರಿಯೂತ ಕೆರಳುತ್ತದೆ. 2004ರ ಡಚ್ ಅಧ್ಯಯನದಲ್ಲಿ 77 ರೋಗಿಗಳ ಪೈಕಿ ನೋವಿನ ಮಿತಿಯೊಳಗೆ ವ್ಯಾಯಾಮ ಮಾಡಿದವರೇ ಜಗ್ಗಿಸಿಕೊಂಡವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು.

ಮನೆಯಲ್ಲಿ ಮೂರು ಸಾಕು. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಾಗಿ, ನೋವಿನ ತೋಳನ್ನು ಇಳಿಬಿಟ್ಟು, ಮೈ ತೂಗಿ ಸಣ್ಣ ಸುತ್ತು ಹಾಕಿಸಿ, ಎರಡೂ ದಿಕ್ಕಿಗೆ ಒಂದೊಂದು ನಿಮಿಷ. ಬಹಳ ಜನ ಭುಜದಿಂದಲೇ ಬೀಸುತ್ತಾರೆ, ಅದು ತಪ್ಪು. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವುದು. ಹೆಗಲು ಕಿವಿಯತ್ತ ಏರಿದರೆ ಅಲ್ಲಿಗೇ ನಿಲ್ಲಿಸಿ. ಕೊನೆಯದು, ಅಂಗಾತ ಮಲಗಿ ಮೊಣಕೈಗಳನ್ನು ಪಕ್ಕಕ್ಕೆ ಅಂಟಿಸಿ, ಮಡಚಿದ ಛತ್ರಿಯ ಎರಡು ತುದಿ ಹಿಡಿದು ನೋವಿನ ಕೈಯನ್ನು ಹೊರಕ್ಕೆ ತಳ್ಳುವುದು: 10 ಸೆಕೆಂಡ್, 10 ಸಲ. ನೋವು ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಟ್ಟರೆ, ಮರುದಿನ ಅರ್ಧಕ್ಕೆ ಇಳಿಸಿ.

ವಾರಕ್ಕೊಮ್ಮೆ ಬೆರಳು ತಲುಪಿದ ಎತ್ತರಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಆರು ವಾರದಲ್ಲಿ ಗುರುತೂ ಮೇಲೇರದೆ, ರಾತ್ರಿ ನೋವೂ ತಗ್ಗದಿದ್ದರೆ ಅದೇ ಪ್ಯಾಕೇಜ್ ಮುಂದುವರಿಸಬೇಡಿ. ಮೂಳೆ ವೈದ್ಯರ ಬಳಿ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳಿ. ಸಕ್ಕರೆ ಕಾಯಿಲೆಯಿದ್ದರೆ ಅದನ್ನು ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಏರುತ್ತದೆ.