ಆಫೀಸಿನ ಪಕ್ಕದ ಮನೆ ಬಿಟ್ಟು ಒಂದು ಗಂಟೆ ದೂರ ಹೋದೆ: ಬಿಟಿಎಂ, ಮುನ್ನೇಕೊಳಾಲ, ವಿಜಯನಗರ

ಬೆಂಗಳೂರಿನಲ್ಲಿ ನಾನು ಇದ್ದು ನೋಡಿದ್ದು ಈ ಮೂರು ಕಡೆ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ವಿಜಯನಗರಕ್ಕೆ. ಆಫೀಸಿನಿಂದ ಐದಾರು ಕಿಲೋಮೀಟರ್ ದೂರದಲ್ಲಿದ್ದ ಮನೆ ಖಾಲಿ ಮಾಡಿ ಬೆಂಗಳೂರಿನ ಇನ್ನೊಂದು ಮೂಲೆಗೆ ಹೋದವಳು ಅಂತ ಆಫೀಸಿನವರು ಇವತ್ತಿಗೂ ನನ್ನನ್ನು ಆಡಿಕೊಳ್ತಾರೆ. ಆಡಿಕೊಳ್ಳಲಿ. ಅವರ ಹತ್ತಿರ ಬೈಕಿದೆ.

ನನ್ನ ಲೆಕ್ಕ ಎಲ್ಲರಿಗೂ ಹೊಂದಲ್ಲ, ಅದಕ್ಕೇ ನನ್ನ ಪರಿಸ್ಥಿತಿ ಒಂದಿಷ್ಟು ಹೇಳಬೇಕು. ಊರು ದಾವಣಗೆರೆ. ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರ ಅಕೌಂಟ್ಸ್ ಕೆಲಸ, ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ, ತಿಂಗಳ ಕೊನೆಯಲ್ಲಿ ಇನ್ನೂ ತಡ. ಸ್ಕೂಟಿ ಓಡಿಸೋಕೆ ಬರಲ್ಲ, ಕಲಿಯೋ ಧೈರ್ಯವೂ ಇಲ್ಲ. ಕೈಗೆ ಬರೋದು 42 ಸಾವಿರ, ಅದರಲ್ಲಿ 10 ಸಾವಿರ ಮನೆಗೆ. ಬಾಡಿಗೆ, ನೀರು, ಓಡಾಟ ಎಲ್ಲ ಸೇರಿ 18 ಸಾವಿರ ದಾಟಬಾರದು ಅಂತ ಗೆರೆ ಎಳೆದುಕೊಂಡಿದ್ದೆ. ಮದುವೆಯಾಗಿಲ್ಲ, ಅಂದರೆ ಓನರುಗಳ ಲೆಕ್ಕದಲ್ಲಿ ನಾನೂ ಬ್ಯಾಚುಲರ್ರೇ.

ಬಿಟಿಎಂ ಬಗ್ಗೆ ಜಾಸ್ತಿ ಹೇಳೋದಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದಾಗ ಕಾಲೇಜಿನ ಗೆಳತಿ ಅಲ್ಲೊಂದು ಪಿಜಿಯಲ್ಲಿದ್ದಳು, ನಾನೂ ಸೇರಿಕೊಂಡೆ. ಮೂವರಿಗೆ ಒಂದು ರೂಮು, ಊಟ ಸೇರಿ 9,500. ರಾತ್ರಿ ಹನ್ನೊಂದಕ್ಕೂ ರಸ್ತೆ ಜಾತ್ರೆಯ ಹಾಗೆ ತುಂಬಿರುತ್ತೆ, ಹೆದರಿಕೆ ಅನ್ನೋದೇ ಆಗಲಿಲ್ಲ. ಆದರೆ ಸಿಲ್ಕ್ ಬೋರ್ಡ್ ದಾಟಿ ರಿಂಗ್ ರೋಡಿನಲ್ಲಿ ದಿನಾ ಐಟಿಪಿಎಲ್ ಮುಟ್ಟೋದು ಅಂದರೆ, ಬಸ್ಸಲ್ಲಿ ನಿಂತೇ ಒಂದು ನಿದ್ದೆ ಮುಗಿಸಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿ ಬಿಟಿಎಂಗೂ ಮೆಟ್ರೋ ಬಂತು, ನಿಜ. ಆದರೂ ಅಲ್ಲಿಂದ ನನ್ನ ಆಫೀಸಿಗೆ ಆರ್.ವಿ. ರೋಡಿನಲ್ಲೊಮ್ಮೆ, ಮೆಜೆಸ್ಟಿಕ್‌ನಲ್ಲೊಮ್ಮೆ ಬದಲಾಯಿಸಬೇಕು. ನನಗಂತೂ ಆಗ ಎರಡು ತಿಂಗಳಿಗೆ ಸಾಕಾಯಿತು.

ಆಮೇಲೆ ಮುನ್ನೇಕೊಳಾಲ. ಮಾರತಹಳ್ಳಿ ಸೇತುವೆ ದಾಟಿ ಮುಂದೆ ಹೋದರೆ ಸಿಗುತ್ತೆ. ಆಗಲೂ ಒಂದು ಸಲ ವಿಜಯನಗರದ ಯೋಚನೆ ಬಂದಿತ್ತು, ಆದರೆ ಅಲ್ಲಿಂದ ಆಫೀಸಿನ ಕಡೆ ಹೋಗುವ ಮೆಟ್ರೋದ ನೇರಳೆ ಮಾರ್ಗ 2023ರ ಜೂನ್‌ನಲ್ಲಿ ಎರಡು ತುಂಡಾಗಿತ್ತು. ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಸ್ಸು ಹಿಡಿದು, ಕೆ.ಆರ್. ಪುರದಲ್ಲಿ ಮತ್ತೆ ರೈಲು ಹತ್ತಬೇಕು. ಅದು ಒಂದಾಗಿದ್ದು ಅಕ್ಟೋಬರ್ 9ಕ್ಕೆ. ನಾನು ಅಷ್ಟರಲ್ಲಿ ಮುನ್ನೇಕೊಳಾಲದಲ್ಲಿ ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಕೂತಿದ್ದೆ.

ಮನೆ ಚೆನ್ನಾಗಿಯೇ ಇತ್ತು. ಹೊಸ ಬಿಲ್ಡಿಂಗ್, ಲಿಫ್ಟು, ಗೇಟಿಗೆ ಸಿಸಿಟಿವಿ, ಬಾಗಿಲಲ್ಲಿ ವಾಚ್‌ಮನ್. 17 ಸಾವಿರ ಬಾಡಿಗೆ, 2,500 ಮೇಂಟೆನೆನ್ಸ್. ನಾನು ಹಾಕಿಕೊಂಡ ಗೆರೆ ಮೊದಲ ದಿನವೇ ಅಳಿಸಿಹೋಯಿತು, ಆದರೆ ಆಫೀಸು ಹತ್ತಿರ ಅಲ್ವಾ, ಓಡಾಟದ ಖರ್ಚು ಉಳಿಯುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಜೂನ್‌ನಲ್ಲೇ ಶಕ್ತಿ ಯೋಜನೆಯೂ ಬಂತು, 335ಇ ಬಸ್ಸಲ್ಲಿ ಆಧಾರ್ ತೋರಿಸಿದರೆ ಟಿಕೆಟ್ ಫ್ರೀ. ಕಾಗದದ ಮೇಲೆ ಇದನ್ನು ಮೀರಿಸುವ ಮನೆಯೇ ಇಲ್ಲ.

ಎಡವಟ್ಟು ಇದ್ದದ್ದು ಬಸ್ ಸ್ಟಾಪಿನಿಂದ ಮನೆವರೆಗಿನ ಎಂಟುನೂರು ಮೀಟರಿನಲ್ಲಿ. ಮನೆ ನೋಡೋಕೆ ಹೋಗಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗ ಆ ದಾರಿಯಲ್ಲಿ ತರಕಾರಿ ಗಾಡಿ ಇತ್ತು, ಇಸ್ತ್ರಿಯವನಿದ್ದ, ಮಕ್ಕಳು ಕ್ರಿಕೆಟ್ ಆಡ್ತಿದ್ದರು. ಸೋಮವಾರ ರಾತ್ರಿ ಒಂಬತ್ತಕ್ಕೆ ಅದೇ ದಾರೀಲಿ ಬಂದರೆ ಇಸ್ತ್ರಿ ಗಾಡಿಗೆ ಟಾರ್ಪಾಲು ಹೊದಿಸಿತ್ತು. ಒಂದು ಕಡೆ ಕಟ್ಟುತ್ತಿರುವ ಬಿಲ್ಡಿಂಗಿನ ತಗಡಿನ ಬೇಲಿ, ಇನ್ನೊಂದು ಕಡೆ ಎರಡು ಖಾಲಿ ಸೈಟು, ಮೂರು ಲೈಟು ಕಂಬಗಳಲ್ಲಿ ಉರಿಯೋದು ಒಂದು. ಖಾಲಿ ಸೈಟಿಗೆ ಕೋಳಿ ಅಂಗಡಿಯ ಕಸ ತಂದು ಸುರಿಯುತ್ತಿದ್ದರು. ಕಸ ಇದ್ದಲ್ಲಿ ನಾಯಿ.

ಆರೇಳು ನಾಯಿ. ಹಗಲು ಕಾರಿನ ಕೆಳಗೆ ಸತ್ತ ಹಾಗೆ ಮಲಗಿರ್ತಿದ್ದವು, ರಾತ್ರಿಯಾದರೆ ಆ ರಸ್ತೆ ಅವುಗಳದ್ದೇ. ಒಂದು ಕಂದು ನಾಯಿಯ ಕಿವಿ ತುದಿ ಹರಿದಿತ್ತು, ಮೊದಲು ಬೊಗಳೋದು ಅದೇ, ಉಳಿದವು ಹಿಂದೆ. ಜಗಳದಲ್ಲಿ ಕಿವಿ ಕಳಕೊಂಡ ರೌಡಿ ಅಂದುಕೊಂಡಿದ್ದೆ. ಆಮೇಲೆ ವಾಚ್‌ಮನ್ ಹೇಳಿದ, ಅದು ಆಪರೇಷನ್ ಆದ ನಾಯಿಯ ಗುರುತಂತೆ. ಸಂತಾನಹರಣ ಮಾಡಿ, ಕಿವಿ ಕತ್ತರಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅನ್ನೋದು ನಿಯಮ. ಸರಿ, ನಿಯಮದ ಪ್ರಕಾರವೇ ಅದು ದಿನಾ ನನಗಾಗಿ ಕಾಯ್ತಿತ್ತು.

ನಾನು ಮಾಡದ ಉಪಾಯ ಇಲ್ಲ. ಛತ್ರಿ ಹಿಡಿದುಕೊಂಡು ಬಂದೆ. ಓಡಬಾರದು ಅಂತ ಅಮ್ಮ ಫೋನಲ್ಲಿ ಹೇಳಿದ್ದಕ್ಕೆ ಉಸಿರು ಬಿಗಿಹಿಡಿದು ನಿಧಾನ ನಡೆದೆ. ಸ್ನೇಹ ಮಾಡಿಕೊಳ್ಳೋಣ ಅಂತ ಪಾರ್ಲೆ-ಜಿ ಹಾಕಲು ಶುರು ಮಾಡಿದೆ, ಒಂದು ವಾರ ಶಾಂತಿ ನೆಲೆಸಿತು, ಎರಡನೇ ವಾರಕ್ಕೆ ಪಕ್ಕದ ರಸ್ತೆಯ ನಾಲ್ಕು ನಾಯಿಗಳೂ ಪಾಲು ಕೇಳೋಕೆ ಬಂದವು. ಬಿಸ್ಕೆಟ್ ಇಲ್ಲದ ದಿನ ಹನ್ನೊಂದೂ ಸೇರಿ ವಿಚಾರಿಸಿಕೊಂಡವು. ನವೆಂಬರ್‌ನ ಒಂದು ರಾತ್ರಿ ಮಳೆ ಬಂದು ಕರೆಂಟು ಹೋಗಿತ್ತು, ಮೊಬೈಲ್ ಟಾರ್ಚ್ ಹಿಡಿದು ಬರ್ತಿದ್ದೆ, ಊಟದ ಬ್ಯಾಗಿಗೆ ಬಾಯಿ ಹಾಕಿ ಎಳೆದುಬಿಟ್ಟಿತು ಒಂದು. ಬ್ಯಾಗು ಬಿಟ್ಟು ಓಡಿದೆ. ಬೆಳಿಗ್ಗೆ ನೋಡಿದರೆ ಡಬ್ಬಿ ಅಲ್ಲೇ ಬಿದ್ದಿತ್ತು, ಮುಚ್ಚಳದ ಮೇಲೆ ಹಲ್ಲಿನ ಗುರುತು. ನನ್ನದು ಡಬ್ಬಿಯಲ್ಲಿ ಮುಗಿಯಿತು. ಎದುರುಮನೆಯ ಹುಡುಗನಿಗೆ ಮೀನಖಂಡಕ್ಕೇ ಕಚ್ಚಿ, ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ಲಸಿಕೆಗೆ ಓಡಾಡಿದ.

ಆಟೋ ಹಿಡಿಯಬಹುದಿತ್ತಲ್ಲ ಅಂತೀರಿ. ಆಗ ಮೊದಲ ಎರಡು ಕಿಲೋಮೀಟರಿಗೆ ಮೀಟರ್ ದರ 30 ರೂಪಾಯಿ. ಎಂಟುನೂರು ಮೀಟರಿಗೆ ಯಾರು ಬರ್ತಾರೆ? "ನೂರು ಕೊಡಿ ಮೇಡಂ, ವಾಪಸ್ ಖಾಲಿ ಬರಬೇಕು" ಅನ್ನೋರು. ತಿಂಗಳಿಗೆ ಹತ್ತು ಹನ್ನೆರಡು ಸಲ ಕೊಟ್ಟೆ ಕೂಡ. ಆಫೀಸಿನ ಪಕ್ಕ ಮನೆ ಮಾಡಿ ಉಳಿಸಿದ ದುಡ್ಡು ಹೋಗಿದ್ದು ಹೀಗೆ. ಸಿಸಿಟಿವಿ, ವಾಚ್‌ಮನ್, ಲಿಫ್ಟು ಎಲ್ಲ ಇದ್ದದ್ದು ಗೇಟಿನ ಒಳಗೆ. ನನ್ನ ಹೆದರಿಕೆ ಪೂರ್ತಿ ಗೇಟಿನ ಹೊರಗೆ.

ನಾಯಿಗೆ ಹೊಂದಿಕೊಂಡು ಇನ್ನೂ ಒಂದು ವರ್ಷ ಇರ್ತಿದ್ದೆನೋ ಏನೋ, ಬಿಡಿಸಿದ್ದು 2024ರ ಬೇಸಿಗೆ. ನಮ್ಮ ಬಿಲ್ಡಿಂಗಿಗೆ ಕಾವೇರಿ ನೀರಿನ ಸಂಪರ್ಕ ಇರಲಿಲ್ಲ, ಬೋರ್‌ವೆಲ್ ಫೆಬ್ರುವರಿಯಲ್ಲೇ ಬತ್ತಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಗೊತ್ತುಮಾಡಿತು. ನಮ್ಮ ಗೇಟಿಗೆ ಬರುತ್ತಿದ್ದ ಟ್ಯಾಂಕರಿನವನಿಗೆ ಅದು ತಲುಪಿರಲಿಲ್ಲ. ಮೇಂಟೆನೆನ್ಸ್ 2,500 ಇದ್ದದ್ದು 4,000 ಆಯಿತು, ನೀರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ನಾನು ಮನೆ ಸೇರೋದು ಒಂಬತ್ತಕ್ಕೆ, ಸಂಜೆಯ ನೀರು ನಾನು ಕಂಡಿದ್ದು ಭಾನುವಾರ ಮಾತ್ರ. ಮೇ ತಿಂಗಳಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಿದ್ದೇ ತಡ, ಬಿಟ್ಟೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಆ ಗೋಡೆಗೆ ನಾನೊಂದು ಮೊಳೆ ಕೂಡ ಹೊಡೆದಿರಲಿಲ್ಲ.

ಈ ಸಲ ಮನೆ ಹುಡುಕಿದ್ದೇ ಬೇರೆ ರೀತಿ. ನೇರಳೆ ಮಾರ್ಗದ ನಕ್ಷೆ ಮುಂದಿಟ್ಟುಕೊಂಡೆ. ರೈಲು ಬದಲಾಯಿಸದೆ ಆಫೀಸಿನ ಹತ್ತಿರದ ಸ್ಟೇಷನ್ ಪಟ್ಟಂದೂರು ಅಗ್ರಹಾರಕ್ಕೆ ಹೋಗಬೇಕು, ಸ್ಟೇಷನ್ನಿಂದ ಹತ್ತು ನಿಮಿಷದೊಳಗೆ ನಡೆದು ಮನೆ ಸೇರಬೇಕು, ಹಳೇ ಬಡಾವಣೆ ಆಗಿರಬೇಕು. ಇಂದಿರಾನಗರ, ಹಲಸೂರು ನನ್ನ ಕೈಗೆಟುಕಲ್ಲ. ಮೆಜೆಸ್ಟಿಕ್ ದಾಟಿದ ಮೇಲೆ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ಮೂರೂ ಸ್ಟೇಷನ್ನಿನಲ್ಲಿ ಇಳಿದು ನೋಡಿದೆ, ವಾರದ ದಿನ, ರಾತ್ರಿ ಒಂಬತ್ತೂವರೆಗೆ. ಬ್ರೋಕರಿಗೆ ಇದೊಂದು ತಮಾಷೆ. "ಕತ್ತಲಲ್ಲಿ ಮನೆ ಏನ್ ಕಾಣುತ್ತೆ ಮೇಡಂ?" ಅಂದ. ಮನೆ ನಾಳೆ ನೋಡ್ತೀನಿ, ಇವತ್ತು ದಾರಿ ತೋರಿಸಿ ಅಂದೆ.

ವಿಜಯನಗರ ಸ್ಟೇಷನ್ನಿಂದ ಈಗಿನ ಮನೆಗೆ ಒಂಬತ್ತು ನಿಮಿಷ. ಆ ರಾತ್ರಿ ಎಣಿಸಿದ್ದೆ: ಎರಡು ಮೆಡಿಕಲ್ ಶಾಪು, ಒಂದು ಬೇಕರಿ, ಬಾಳೆಹಣ್ಣಿನ ಗಾಡಿ, ಅರ್ಧ ಶಟರ್ ಎಳೆದು ಲೆಕ್ಕ ಬರೀತಿದ್ದ ಪ್ರಾವಿಜನ್ ಸ್ಟೋರು, ತಿರುವಿನಲ್ಲಿ ಒದ್ದೆ ಗೋಣಿಚೀಲದ ಮೇಲೆ ಉಳಿದ ಸೇವಂತಿಗೆಯನ್ನು ಮೊಳ ಹಾಕುತ್ತಾ ಕೂತಿದ್ದ ಹೆಂಗಸು. ಊಟ ಮುಗಿಸಿ ಗೇಟಿನ ಹತ್ತಿರ ನಿಂತು ಹರಟುವ ಮುದುಕರು. ನಾಯಿ ಇಲ್ಲಿಯೂ ಇವೆ, ಬೇಕರಿ ಮುಂದೆ ಎರಡು. ಬನ್ನು ತಿಂದು ದಪ್ಪಗಾಗಿವೆ, ಏಳೋದೇ ಕಷ್ಟ.

ಮನೆ ಎರಡನೇ ಮಹಡಿ, ಲಿಫ್ಟಿಲ್ಲ, ಅಡುಗೆಮನೆ ಇಕ್ಕಟ್ಟು, ಬಾತ್‌ರೂಮಿನ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಹಾಕೋಕಾಗಲ್ಲ. 13,500 ಬಾಡಿಗೆ, ನೀರಿಗೆ 200. ಅಡ್ವಾನ್ಸ್ ಒಂದೂವರೆ ಲಕ್ಷ ಕೇಳಿದ್ದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆ, ಅದನ್ನು ಓನರ್ ಆಂಟಿಯ ಮುಂದೆ ಹೇಳಿ ನೋಡಿದೆ. "ಹಾಗಾದ್ರೆ ಡೆಲ್ಲಿಯಲ್ಲೇ ಮನೆ ಮಾಡಮ್ಮ" ಅಂದರು. ಒಂದು ಲಕ್ಷಕ್ಕೆ ಮುಗಿಸಿದೆವು. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತೆ, ನೆಲದಡಿ ಸಂಪು ದೊಡ್ಡದು. ಬೆಳಗಿನ ಜಾವ ಮೋಟರ್ ಹಾಕುವ ಸದ್ದಿಗೆ ಎಚ್ಚರವಾಗುತ್ತೆ, ಬಯ್ಯಬೇಕು ಅನ್ನಿಸಲ್ಲ.

ಕರೆಂಟು: ಮುನ್ನೇಕೊಳಾಲದಲ್ಲಿ ಸಬ್‌ಮೀಟರ್, ಯೂನಿಟ್ಟಿಗೆ ಓನರ್ ಹೇಳಿದ್ದೇ ರೇಟು. ಇಲ್ಲಿ ನನ್ನದೇ ಮೀಟರ್, ಹಳೇ ಬಾಡಿಗೆಯವರ ಆಧಾರ್ ತೆಗೆಸಿ ನನ್ನದು ಜೋಡಿಸಿದ ಮೇಲೆ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ.

ಊರಿಗೆ ಹೋಗೋದು: ಇಲ್ಲಿಂದ ರೈಲ್ವೆ ಸ್ಟೇಷನ್ ಮೂರನೇ ಸ್ಟಾಪು, ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ನಾಲ್ಕನೆಯದು. ಮುನ್ನೇಕೊಳಾಲದಿಂದ ಶುಕ್ರವಾರ ಸಂಜೆ ಮೆಜೆಸ್ಟಿಕ್ ಮುಟ್ಟೋಷ್ಟರಲ್ಲಿ ನನ್ನ ಬಸ್ಸು ಎರಡು ಸಲ ತಪ್ಪಿದೆ.

ಮಂಡಕ್ಕಿ: ಸಿಗುತ್ತೆ. ಅಂಗಡಿಯಲ್ಲಿ ಕಡ್ಲೆಪುರಿ ಅಂತ ಕೇಳಬೇಕು, ಅಷ್ಟೇ.

ವಿಜಯನಗರದಲ್ಲಿ ತೊಂದರೆ ಇಲ್ಲ ಅಂತಲ್ಲ. ಆಂಟಿಗೆ ನನ್ನ ಪ್ರತಿಯೊಂದು ವಿಷಯವೂ ಬೇಕು. ತಮ್ಮ ಬಂದರೆ "ಸ್ವಂತ ತಮ್ಮನಾ?" ಅಂತ ಕೇಳ್ತಾರೆ. ಮನೆಯಲ್ಲಿ ಮೊಟ್ಟೆ ಕೂಡ ಮಾಡುವ ಹಾಗಿಲ್ಲ, ಆಮ್ಲೆಟ್ ತಿನ್ನಬೇಕಂದರೆ ಹೊರಗೆ ಹೋಗಬೇಕು. ಗಣೇಶನ ಹಬ್ಬ ಮುಗಿದ ಮೇಲೂ ಮೂರು ವಾರ ಆರ್ಕೆಸ್ಟ್ರಾ. ಇನ್ನು ಮೆಟ್ರೋ: ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿದಾಗ ನಿಜವಾಗಿ ಹೊಟ್ಟೆ ಉರಿಯಿತು. ಈಗ ದಿನಕ್ಕೆ ನೂರ ಅರವತ್ತರ ಮೇಲೆ, ತಿಂಗಳಿಗೆ ಮೂರೂವರೆ ನಾಲ್ಕು ಸಾವಿರ. ಮೊದಲ ಸಲ ಅಗ್ರಿಮೆಂಟ್ ನವೀಕರಿಸಿದಾಗ ಬಾಡಿಗೆ 14,175 ಆಯಿತು. ಎಲ್ಲ ಸೇರಿಸಿ ಕೂಡಿದರೆ ಹದಿನೆಂಟರ ಗೆರೆಯ ಮೇಲೆಯೇ ಕೂತಿದ್ದೀನಿ, ಸ್ವಲ್ಪ ಆಚೆಗೇ. ಆದರೂ ಮುನ್ನೇಕೊಳಾಲದಲ್ಲಿ ನೀರು, ಆಟೋ ಸೇರಿ ಬೇಸಿಗೆಯಲ್ಲಿ 22 ಸಾವಿರ ಮುಟ್ಟಿತ್ತು.

ಬೈಕೋ ಸ್ಕೂಟರೋ ಇದ್ದು, ಆರು ಗಂಟೆಗೆ ಕೆಲಸ ಬಿಡುವವರಿಗೆ ಮುನ್ನೇಕೊಳಾಲ ಬೇಡ ಅನ್ನಲಾರೆ. ನನ್ನ ಟೀಮಿನ ಹುಡುಗನೊಬ್ಬ ಅಲ್ಲೇ ಇದ್ದಾನೆ, ಹತ್ತು ನಿಮಿಷದಲ್ಲಿ ಆಫೀಸು, ಅವನಿಗೆ ಕಂದು ನಾಯಿ ಗೊತ್ತೇ ಇಲ್ಲ. ಅಡ್ವಾನ್ಸ್ ಕೊಡುವ ಮೊದಲು ಕಾವೇರಿ ಬಿಲ್ಲು ತೋರಿಸಿ ಅಂತ ಮಾತ್ರ ಕೇಳಿ. ಮೊದಲ ಎರಡು ಮೂರು ತಿಂಗಳು ಊರು ಪರಿಚಯ ಆಗಲಿ ಅನ್ನುವವರಿಗೆ ಬಿಟಿಎಂ ಪಿಜಿಯೂ ಸಾಕು.

ಈ ತಿಂಗಳು ಅಗ್ರಿಮೆಂಟ್ ಮತ್ತೆ ಮುಗಿಯುತ್ತೆ. ಆಂಟಿ ಮೆಟ್ಟಿಲ ಮೇಲೆ ನಿಲ್ಲಿಸಿ "ಈ ಸಲ ಹದಿನೈದು ಮಾಡ್ಕೊಳ್ಳಮ್ಮ" ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂತ ಬಿಗುವಾಗಿಯೇ ಹೇಳಿದೆ. ಮೂಡಲಪಾಳ್ಯದ ಕಡೆ ಇಂಥದ್ದೇ ಮನೆ ಎರಡು ಸಾವಿರ ಕಮ್ಮಿಗೆ ಸಿಗುತ್ತೆ ಅಂತ ಬ್ರೋಕರ್ ಹೇಳಿದ್ದ. ಮಂಗಳವಾರ ಆಫೀಸಿನಿಂದ ಬರ್ತಾ ಒಂಬತ್ತೂವರೆಗೆ ಸ್ಟೇಷನ್ನಿಂದ ಅಲ್ಲಿಗೆ ನಡೆದೆ. ಇಪ್ಪತ್ತನಾಲ್ಕು ನಿಮಿಷ. ಹದಿನೈದನೇ ನಿಮಿಷದ ಆಮೇಲೆ ತೆರೆದ ಶಟರ್ ಒಂದೂ ಕಾಣಲಿಲ್ಲ. ವಾಪಸ್ ಬಂದು ಕೆಳಗಿನ ಮನೆಯ ಬೆಲ್ ಒತ್ತಿ, ಹದಿನೈದಕ್ಕೆ ಆಯ್ತು ಆಂಟಿ, ಆದರೆ ಬಾತ್‌ರೂಮಿನ ಬಾಗಿಲು ಬದಲಾಯಿಸಿಕೊಡಿ ಅಂದೆ.