ಅಂಟಂಟಾದ ಡೋರ್ ಪ್ಯಾಡ್: ನಾಲ್ಕು ಮದ್ದು, ಒಂದು ಬಳ್ಳಾರಿ ಬೇಸಿಗೆ

ಕಾರಿನ ಬಾಗಿಲು ಎಳೆದುಕೊಂಡರೆ ಕೈಗೆ ಕರಿ ಅಂಟು ಹತ್ತುತ್ತಿತ್ತು. ಬೆಲ್ಲದ ಪಾಕದಲ್ಲಿ ಬೆರಳಿಟ್ಟ ಹಾಗೆ. ಬಿಳಿ ಅಂಗಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ ನಮ್ಮ ಮಾವ ಇಳಿಯುವಾಗ ಮೊಣಕೈ ನೋಡಿಕೊಂಡು, "ಕಾರು ಕೊಂಡ್ಯೋ, ಡಾಂಬರು ಕೊಂಡ್ಯೋ?" ಎಂದರು. ಅವತ್ತೇ ಸಂಜೆ ಕೆಲಸಕ್ಕೆ ಕೈ ಹಾಕಿದೆ.

ಕಾರು 2005ರದ್ದು. ಎರಡು ಬಾಗಿಲು, ಎರಡು ಸೀಟು. ಗಣಿ ಜೋರಾಗಿದ್ದಾಗ ಬಳ್ಳಾರಿಗೆ ಬಂದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದ ಮೇಲೆ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಇಂಜಿನ್ ಈಗಲೂ ಗಟ್ಟಿ. ಕೆಟ್ಟಿದ್ದು ಒಳಗಡೆ. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದ್ರೆ ಆ ಕಾಲದ ಎಷ್ಟೋ ದುಬಾರಿ ಕಾರುಗಳಿಗೆ ಇದೇ ರೋಗ. ಗಟ್ಟಿ ಪ್ಲಾಸ್ಟಿಕ್ ಮೇಲೆ ರಬ್ಬರಿನಂತೆ ಮೆತ್ತಗಿರುವ ಪಾಲಿಯುರೆಥೇನ್ ಲೇಪ ಕೊಡುತ್ತಿದ್ದರು. ಹೊಸದರಲ್ಲಿ ಮುಟ್ಟೋಕೆ ಸೊಗಸು. ವರ್ಷ ಕಳೆದಂತೆ ಬಿಸಿ, ಗಾಳಿಯ ತೇವ, ಕೈಯ ಎಣ್ಣೆ ಎಲ್ಲ ಸೇರಿ ಲೇಪ ಒಡೆದು ಅಂಟಾಗುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅದು ಮೇಲೆ ಕೂತ ಕೊಳೆಯಲ್ಲ, ಲೇಪವೇ ಕೊಳೆತಿರುತ್ತದೆ.

ಒಬ್ಬೊಬ್ಬರದು ಒಂದೊಂದು ಸಲಹೆ. ಸ್ಟಿಕ್ಕರ್ ಹಾಕಿಸು, ಪೇಂಟ್ ಹೊಡೆಸು, ರೆಕ್ಸಿನ್ ಸುತ್ತಿಸು. ಯಾರನ್ನು ನಂಬೋದು? ಒಂದೊಂದು ಭಾಗಕ್ಕೆ ಒಂದೊಂದು ಮಾಡಿ, ಫೆಬ್ರವರಿಯಿಂದ ಜೂನ್ ತನಕ ಕಾರನ್ನು ಬಿಸಿಲಲ್ಲೇ ನಿಲ್ಲಿಸಿದೆ. ಮೇ ತಿಂಗಳ ಒಂದು ಮಧ್ಯಾಹ್ನ ಎಸಿ ಮೆಕ್ಯಾನಿಕ್ ಬಿಸಿ ಅಳೆಯುವ ತನ್ನ ಗನ್ ಹಿಡಿದು ಡ್ಯಾಶ್‌ಬೋರ್ಡ್ ಬಿಸಿ ನೋಡಿದ. 71 ಡಿಗ್ರಿ. ಇಲ್ಲಿ ಪಾಸಾದದ್ದು ಎಲ್ಲಿ ಬೇಕಾದರೂ ಪಾಸಾಗುತ್ತೆ, ಅಲ್ವಾ?

ಡ್ರೈವರ್ ಬಾಗಿಲಿನ ಹಿಡಿಗೆ ಏನೂ ಹಚ್ಚಲಿಲ್ಲ. ಇದ್ದದ್ದನ್ನು ತೆಗೆದೆ, ಅಷ್ಟೇ. ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನೋ ಒರೆಸುವ ಸ್ಪಿರಿಟ್ ಒಂದು ಲೀಟರ್, ಹಳೇ ಬನಿಯನ್ ಬಟ್ಟೆ, ಮರದ ಐಸ್‌ಕ್ರೀಮ್ ಕಡ್ಡಿ. ಬಟ್ಟೆ ನೆನೆಸಿ ಹಿಡಿಯ ಮೇಲೆ ಐದು ನಿಮಿಷ ಹೊದಿಸಿದರೆ ಲೇಪ ಹಾಲಿನ ಕೆನೆಯಂತೆ ಸುಕ್ಕಾಗಿ ಏಳುತ್ತದೆ. ಕಡ್ಡಿಯಿಂದ ಕೆರೆಯುವುದು, ಮತ್ತೆ ಒರೆಸುವುದು. ಒಂದು ಹಿಡಿಗೆ ಎರಡು ತಾಸು ಹಿಡಿಯಿತು. ಕೈಗೆ ಗ್ಲೌಸ್ ಬೇಕೇ ಬೇಕು, ಇಲ್ಲದಿದ್ದರೆ ಉಗುರ ಸಂದಿಯ ಕಪ್ಪು ಮೂರು ದಿನ ಹೋಗಲ್ಲ. ಬಾಗಿಲು ತೆರೆದಿಟ್ಟು ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಕೊನೆಗೆ ಉಳಿದದ್ದು ಬರಿ ಕಪ್ಪು ಪ್ಲಾಸ್ಟಿಕ್. ಸ್ವಲ್ಪ ಹೊಳಪು ಜಾಸ್ತಿ, ಮೆತ್ತಗಿನ ಸುಖ ಇಲ್ಲ. ಆದರೆ ಅಂಟೂ ಇಲ್ಲ. ಜೂನ್‌ನಲ್ಲಿ ನೋಡಿದರೂ ಫೆಬ್ರವರಿಯಲ್ಲಿ ಇದ್ದ ಹಾಗೇ ಇತ್ತು.

ಇಲ್ಲಿ ನನ್ನ ದಡ್ಡತನವನ್ನೂ ಹೇಳಿಬಿಡಬೇಕು. ಆಲ್ಕೋಹಾಲ್ ನಿಧಾನ ಅನ್ನಿಸಿ ಆ್ಯಷ್‌ಟ್ರೇ ಮುಚ್ಚಳಕ್ಕೆ ಥಿನ್ನರ್ ಹಾಕಿದೆ. ಲೇಪ ಕ್ಷಣದಲ್ಲಿ ಹೋಯಿತು, ಹಿಂದೆಯೇ ಪ್ಲಾಸ್ಟಿಕ್ಕೂ ಕರಗಿತು. ಕಾರಿನ ಒಳಗೆ ಬಳಸುವ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ಗೆ ಥಿನ್ನರ್, ಅಸಿಟೋನ್, ನೈಲ್ ಪಾಲಿಶ್ ರಿಮೂವರ್ ಯಾವುದೂ ಆಗಿಬರುವುದಿಲ್ಲ. ಆ ಮುಚ್ಚಳದ ಮೇಲೆ ನನ್ನ ಹೆಬ್ಬೆರಳ ಗುರುತು ಈಗಲೂ ಇದೆ.

ಎಡ ಬಾಗಿಲಿನ ಹಿಡಿಗೆ ಪೇಂಟ್. ಲೇಪ ಪೂರ್ತಿ ತೆಗೆದು, ನೀರು ಹಾಕಿ 600 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, ಮೇಲೆ ಮ್ಯಾಟ್ ಕಪ್ಪು ಸ್ಪ್ರೇ. ಮೊದಲ ಸಲ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿ ಬಿದ್ದವು. ಹಳೇ ಮಾಲೀಕರು ವರ್ಷಗಟ್ಟಲೆ ಹಚ್ಚಿದ್ದ ಹೊಳೆಯೋ ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕೋನ್ ಜಿಡ್ಡು ಸಂದಿಗಳಲ್ಲಿ ಉಳಿದಿತ್ತು. ಸಿಲಿಕೋನ್ ಇದ್ದ ಕಡೆ ಬಣ್ಣ ನಿಲ್ಲುವುದಿಲ್ಲ. ಎಲ್ಲ ತೆಗೆದು ಸೋಪು ನೀರಿನಲ್ಲಿ ತಿಕ್ಕಿ ಮತ್ತೆ ಹೊಡೆದೆ. ಎರಡನೇ ಸಲ ಮಧ್ಯಾಹ್ನ ಹನ್ನೆರಡಕ್ಕೆ ಹೊಡೆದದ್ದು ತಪ್ಪಾಯಿತು. ಆ ಸೆಕೆಗೆ ಬಣ್ಣ ಹಿಡಿಗೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಮೇಲೆ ರವೆಯಂತೆ ಕೂತಿತು. ಮೂರನೇ ಸಲ ಬೆಳಗಿನ ಐದೂವರೆಗೆ ಎದ್ದು, ಅಂಗಳಕ್ಕೆ ನೀರು ಚಿಮುಕಿಸಿ ಕೆಂಧೂಳು ಅಡಗಿಸಿ ಹೊಡೆದೆ. ಆಗ ಬಂತು ನೋಡಿ ಷೋರೂಮಿನ ಕಳೆ! ನಾಲ್ಕರಲ್ಲಿ ಕಣ್ಣಿಗೆ ಇದೇ ಚೆಂದ. ಆದರೆ ಮೇ ಕೊನೆಗೆ ಉಂಗುರ ತಾಗುವ ಜಾಗದಲ್ಲಿ ಬಣ್ಣ ಎದ್ದಿತು. ಕೈ ಮುಟ್ಟದ ಎಸಿ ಕಿಂಡಿ, ಸ್ಟೀರಿಯೊ ಸುತ್ತಿನ ಪಟ್ಟಿಗೆ ಪೇಂಟ್ ಸರಿ. ದಿನಕ್ಕೆ ಹತ್ತು ಸಲ ಎಳೆಯುವ ಹಿಡಿಗೆ ಬೇಡ.

ಗೇರ್ ಸುತ್ತಲಿನ ಕನ್ಸೋಲಿಗೆ ವಿನೈಲ್ ಸ್ಟಿಕ್ಕರ್, ಬೈಕ್ ಸ್ಟಿಕ್ಕರ್ ಅಂಗಡಿಯಲ್ಲಿ ಹಾಕಿಸಿದೆ. ಒಂದು ಗಂಟೆ ಕೆಲಸ, ಖರ್ಚೂ ಕಮ್ಮಿ. ಹಾಕಿದ ದಿನ ನಾನೇ ಮರುಳಾದೆ. ಏಪ್ರಿಲ್ ಹೊತ್ತಿಗೆ ಮೂಲೆಗಳು ಬಾಳೆ ಎಲೆ ಬಾಡಿದ ಹಾಗೆ ಹಿಂದಕ್ಕೆ ಸುರುಳಿ. ಕಾರಣ ಸರಳ. ತಿರುವಿನಲ್ಲಿ ಬಿಸಿ ಮಾಡಿ ಎಳೆದು ಕೂರಿಸಿದ ಫಿಲ್ಮ್, ಮತ್ತೆ ಬಿಸಿ ತಾಗಿದರೆ ಹಳೇ ಅಳತೆಗೆ ಮರಳಲು ನೋಡುತ್ತದೆ. ಅಗ್ಗದ ಫಿಲ್ಮಿಗೆ ಈ ಚಾಳಿ ಜಾಸ್ತಿ. ಕಾಸ್ಟ್ ವಿನೈಲ್ ಅನ್ನೋ ದುಬಾರಿಯದು ಅಷ್ಟು ಕುಗ್ಗುವುದಿಲ್ಲ. ಎದ್ದ ಅಂಚಿನಡಿ ಸೇರಿದ ಧೂಳು ಕನ್ಸೋಲಿಗೆ ಕೆಂಪು ಬಾರ್ಡರ್ ಕಟ್ಟಿತು. ಚಪ್ಪಟೆ ಪಟ್ಟಿಗೆ ಮಾತ್ರ ಇದು ಓಕೆ.

ಕೈ ಇಡುವ ಆರ್ಮ್‌ರೆಸ್ಟ್ ಅಂಟಲ್ಲ, ಹೊದಿಕೆಯೇ ಹರಿದಿತ್ತು. ಸೀಟ್ ಕುಶನ್ ಅಂಗಡಿಯವರು ಹೇಳಿದ ರೇಟಿಗೆ ಬಾಯಿ ಒಣಗಿತು. ಆಗ ಹೊಳೆದದ್ದು, ನಮ್ಮೂರು ಜೀನ್ಸ್ ಊರಲ್ಲವೇ! ಮನೆ ಹತ್ತಿರದ ಜೀನ್ಸ್ ಯುನಿಟ್ಟಿನ ಟೈಲರ್‌ಗೆ ಹಳೇ ಹೊದಿಕೆ ಬಿಚ್ಚಿ ಕೊಟ್ಟೆ. ಅದನ್ನೇ ಅಳತೆಗೆ ಇಟ್ಟು ತೆಳು ಚರ್ಮ ಕತ್ತರಿಸಿದರು. ಜೀನ್ಸಿನ ದಪ್ಪ ಸೂಜಿ, ಪಾಲಿಯೆಸ್ಟರ್ ದಾರ, ಡಬಲ್ ಹೊಲಿಗೆ. ಬಿಸಿಲಿಗೆ ದಾರ ತಡೆಯುತ್ತಾ ಎಂದು ಕೇಳಿದ್ದಕ್ಕೆ, "ಪ್ಯಾಂಟಿನ ಸೀಟಿಗೆ ತಡ್ಕೊಳ್ಳೋ ಹೊಲಿಗೆ, ಕಾರಿಗೆ ತಡ್ಕೊಳ್ಳಲ್ವೇನಣ್ಣಾ?" ಎಂದರು. ಕೂಲಿ ತಗೊಳ್ಳಲಿಲ್ಲ, ಒಗ್ಗರಣೆ ಮಿರ್ಚಿ ತಿನ್ನಿಸಿದೆ. ದಾರಕ್ಕೆ ಜೀನ್ಸಿನದೇ ಹಳದಿ ಬಣ್ಣ. ಕಂಪನಿಯ ಡಿಸೈನ್‌ನಲ್ಲಿ ಇರಲಿಲ್ಲ, ಆದರೆ ನನಗೆ ಇಡೀ ಕಾರಿನಲ್ಲಿ ಅದೇ ಇಷ್ಟ. ಒಂದು ಎಳೆಯೂ ಬಿಟ್ಟಿಲ್ಲ.

ಜೂನ್‌ನಲ್ಲಿ ವಿನೈಲ್ ಕಿತ್ತೆಸೆದು ಕನ್ಸೋಲನ್ನೂ ಆಲ್ಕೋಹಾಲ್ ಹಾಕಿ ಬರಿ ಪ್ಲಾಸ್ಟಿಕ್ ಮಾಡಿದೆ. ಎಡ ಬಾಗಿಲಿನ ಪೇಂಟ್ ಸವೆದಷ್ಟು ಸವೆಯಲಿ ಎಂದು ಬಿಟ್ಟಿದ್ದೇನೆ. ಮುಂದೆ ಅದಕ್ಕೂ ಅದೇ ಗತಿ. ನಿಮ್ಮದೂ ಅಂಟುತ್ತಿದ್ದರೆ ಮೊದಲು ಲೇಪ ಬೋಳಿಸಿ ನೋಡಿ. ಅದು ಚೆನ್ನಾಗಿ ಕಾಣದಿದ್ದರೆ ಆಮೇಲೆ ದುಡ್ಡು ಖರ್ಚು ಮಾಡಿ. ಪೇಂಟಿಗೂ ವಿನೈಲ್‌ಗೂ ಹೇಗೂ ಮೊದಲು ಬೋಳಿಸಲೇಬೇಕು.

ಮಾವ ಮೊನ್ನೆ ಮತ್ತೆ ಕೂತಿದ್ದರು, ಬಿಳಿ ಅಂಗಿಯಲ್ಲೇ. ಮೊಣಕೈ ನೋಡಿಕೊಂಡರು, ಏನೂ ಅನ್ನಲಿಲ್ಲ. ಆಮೇಲೆ ತಲೆ ಎತ್ತಿದರು. ಸ್ಪಂಜು ಪುಡಿಯಾಗಿ ಜೋತುಬಿದ್ದ ರೂಫ್ ಲೈನಿಂಗನ್ನು ನಾನು ಗುಂಡುಪಿನ್ ಚುಚ್ಚಿ ನಿಲ್ಲಿಸಿದ್ದೆ. ಅದರಲ್ಲೊಂದು ಅವರ ತಲೆಗೇ ತಾಗಿತು.