ತೀನ್ ಕಂದೀಲ್ ಹತ್ತಿರದ ಬೈಂಡಿಂಗ್ ಅಂಗಡಿ: ಹಳೇ ರಿಜಿಸ್ಟರ್ ಇದ್ದವರು ಇಲ್ಲಿಗೇ ಒಯ್ಯಿರಿ

ಬಿಲ್ ಬುಕ್ಕು, ಪ್ರಾಜೆಕ್ಟ್ ರಿಪೋರ್ಟು ಮಾಡಿಸುವವರಿಗೆ ಈ ಅಂಗಡಿ ಅಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಆದರೆ ನಿಮ್ಮ ಶಾಲೆಯ ಬೀರುವಿನಲ್ಲಿ ನಿಜಾಮರ ಕಾಲದ ದಾಖಲಾತಿ ರಿಜಿಸ್ಟರ್ ಹುಳ ಹತ್ತಿ ಕೂತಿದ್ದರೆ, ರಾಯಚೂರಿನಲ್ಲಿ ಬೇರೆ ಕಡೆ ತಿರುಗಬೇಡಿ.

ನಾನು ಇಲ್ಲಿನ ಹಳೇ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದವನು. ಅಲ್ಲಿನ ಹಳೇ ರಿಜಿಸ್ಟರುಗಳ ಬೈಂಡಿಂಗಿಗೆ ಹಳೇ ವಿದ್ಯಾರ್ಥಿಗಳು ರೊಕ್ಕ ಕೂಡಿಸಿದರು, ಹೆಡ್‌ಮಾಸ್ತರರು ಒಂದೊಂದೇ ಒಯ್ಯಬೇಕೆಂದು ಷರತ್ತು ಹಾಕಿ ಒಪ್ಪಿಗೆ ಕೊಟ್ಟರು.

ಮೊದಲನೇ ರಿಜಿಸ್ಟರ್ ಬಿಚ್ಚಿದ ಕೂಡಲೇ ಅಂಗಡಿಯ ಚಾಚಾ ನಕ್ಕರು. "ಯಾರ್ರೀ ಸರ, ಇದನ್ನ ಉಲ್ಟಾ ಹೊಲಿದೋರು?" ಉರ್ದು ರಿಜಿಸ್ಟರನ್ನು ಹಿಂದೆ ಯಾರೋ ಕನ್ನಡ ಪುಸ್ತಕದಂತೆ ಎಡಕ್ಕೆ ಹೊಲಿದುಬಿಟ್ಟಿದ್ದರು, 'ಮದರಸಾ ಫೌಕಾನಿಯಾ' (ಅಂದರೆ ಹೈಸ್ಕೂಲು) ಎಂಬ ಮೊಹರಿನ ಮೊದಲ ಪುಟ ಕಟ್ಟಕಡೆಗೆ ಹೋಗಿತ್ತು. ಚಾಚಾ ದಾರ ಬಿಚ್ಚಿ ಬಲಕ್ಕೆ ಹೊಲಿದರು. ಫೆವಿಕಾಲ್ ಮುಟ್ಟಲಿಲ್ಲ. ಮೈದಾ ಅಂಟು ಕುದಿಸಿ, ಹುಳ ಬರದಂತೆ ಚಿಟಿಕೆ ಮೈಲುತುತ್ತ ಹಾಕಿದರು. ಅಂಚು ಸಮ ಮಾಡಲು ಕಟಿಂಗ್ ಮಷೀನಿಗೂ ಕೊಡಲಿಲ್ಲ, ಯಾಕೆಂದರೆ ದಾಖಲಾತಿ ನಂಬರುಗಳೆಲ್ಲ ಅಂಚಿನಲ್ಲೇ ಇವೆ. ನೋಡಲು ಒರಟು, ಆದರೆ ಒಂದು ಅಂಕಿಯೂ ಹೋಗಿಲ್ಲ.

ಅದು ಯಾಕೆ ದೊಡ್ಡದೆಂದರೆ, ನಮ್ಮ ಶಾಲೆಯ ಚರಿತ್ರೆ ಇರುವುದೇ ಅಲ್ಲಿ. ಬಾಗಿಲ ಮೇಲಿನ ಬೋರ್ಡು ಈಗ 'ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ' ಅನ್ನುತ್ತದೆ; ನಡುವೆ ಮಲ್ಟಿಪರ್ಪಸ್ ಹೈಸ್ಕೂಲ್ ಆಗಿತ್ತು. ಫೌಕಾನಿಯಾ ಅನ್ನುವುದು ರಿಜಿಸ್ಟರಿನಲ್ಲಿ ಮಾತ್ರ ಉಳಿದಿದೆ. ಆಗ ಗಣಿತ, ಇತಿಹಾಸವೆಲ್ಲ ಉರ್ದುವಿನಲ್ಲಿ, ಮನೆಮಾತು ಕನ್ನಡ ಬರೀ ಒಂದು ವಿಷಯ. ಹುಟ್ಟಿದ ದಿನವೂ ಫಸಲಿ ಲೆಕ್ಕದಲ್ಲಿ, ಅಂದರೆ ನಿಜಾಮರ ಸರ್ಕಾರ ಬಳಸುತ್ತಿದ್ದ ವರ್ಷದ ಲೆಕ್ಕದಲ್ಲಿ: 590 ಇಲ್ಲವೇ 591 ಕೂಡಿಸಿದರೆ ನಮ್ಮ ಇಸವಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲಿನ ಪುಟಗಳಲ್ಲಿ ಇಂಗ್ಲಿಷ್ ತಿಂಗಳು ಕಾಣಿಸುತ್ತವೆ. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಪುಸ್ತಕಗಳು ಕನ್ನಡದಲ್ಲಿವೆ. ಜಾತಿ ಸಿಂಧುತ್ವ ಪ್ರಮಾಣಪತ್ರಕ್ಕೆ ಅಜ್ಜನ ದಾಖಲೆ ಹುಡುಕಿಕೊಂಡು ಮೊಮ್ಮಕ್ಕಳು ಬರುವುದೂ ಇದೇ ಪುಟಗಳಿಗೆ. ಅಂಚು ಕತ್ತರಿಸಿ ನಂಬರು ಹೋದರೆ ಯಾರನ್ನು ಕೇಳೋದು?

ತಕರಾರೂ ಇದೆ. ಬಂಗಾರದ ಅಕ್ಷರದಲ್ಲಿ 'ಪ್ರೌಡ' ಅಂತ ಒತ್ತಿದ್ದರು, ಮಹಾಪ್ರಾಣ ನುಂಗಿ. ಮಾಸ್ತರಿಗೆ ತಡೆದೀತೇ? ಗೊಣಗದೆ ಹೊಸ ರಟ್ಟು ಹಾಕಿಕೊಟ್ಟರು, ಅದಕ್ಕೆ ಮತ್ತೊಂದು ವಾರ. ಒಂದಕ್ಕೆ 450 ರೂಪಾಯಿ, ರಸೀದಿ ಕೇಳಿದರೆ ಬಿಳಿ ಹಾಳೆಯ ಮೇಲೆ ಬರೆದು ಕೊಡುತ್ತಾರೆ. ಸರ್ಕಾರಿ ಲೆಕ್ಕಕ್ಕೆ ಅದು ನಡೆಯುವುದಿಲ್ಲ, ಆದ್ದರಿಂದ ದೇಣಿಗೆ ಹಣದಲ್ಲೇ ಮಾಡಿಸಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರುತ್ತದೆ, ಸಂಜೆ ಹೋಗಿ.